ನೆರೆಮನೆಯ ಹಾಸಿಗೆಯ ಅಳತೆ

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ರಾಯಬಾಗ ತಾಲೂಕಿನ ಚಿಂಚಲಿಯ ಹಾದಿಗಳೆಲ್ಲ ಜನರಿಂದ ತುಂಬುತ್ತವೆ. ಮಾಯಕ್ಕದೇವಿಯ ಜಾತ್ರೆಗೆ ಕರ್ನಾಟಕದ ಭಕ್ತರಷ್ಟೇ ಅಲ್ಲ, ಗಡಿಯಾಚೆಯ ಸಾಂಗ್ಲಿ, ಕೊಲ್ಹಾಪುರ ಸೀಮೆಯವರೂ ಎತ್ತಿನ ಬಂಡಿ ಕಟ್ಟಿಕೊಂಡು ಬರುತ್ತಾರೆ. ಭಂಡಾರದ ಹಳದಿ ಮೈಮೇಲೆ ಬಿದ್ದ ಬಳಿಕ ಹೊಲದ ಒಡೆಯನಾರು, ಕೂಲಿಯವನಾರು ಎಂಬುದು ತಿಳಿಯದು. ಆದರೆ ಜಾತ್ರೆಗೆ ಕರೆತರುವ ಬಸ್ಸಿನಲ್ಲಿ ಆ ಭೇದ ಚೆನ್ನಾಗಿಯೇ ತಿಳಿಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ, ಶೂನ್ಯ ದರದ ಟಿಕೆಟ್ ಹಿಡಿದ ಹೆಂಗಸರ ಬೆನ್ನ ಹಿಂದೆ ಒಂದು ಮಾತು ಕೇಳಿಬರುತ್ತಲೇ ಇದೆ: "ಬಿಟ್ಟಿ ಬಸ್ಸೈತಂತ ಊರೂರು ತಿರಗಾಕ ಹತ್ಯಾರ." ವರ್ಷವಿಡೀ ಕಬ್ಬಿನ ಹೊಲದಲ್ಲಿ ಕಳೆ ತೆಗೆದವಳು ಒಂದು ದಿನ ದೇವಿಯ ದರ್ಶನಕ್ಕೆ ಹೊರಟಿದ್ದಾಳೆಂಬುದು ಹಾಗೆ ಆಡುವವರಿಗೆ ಕಾಣದು, ಟಿಕೆಟಿನ ಮೇಲಿನ ಸೊನ್ನೆಯಷ್ಟೇ ಕಾಣುತ್ತದೆ.

ಇದು ಒಂದೂರಿನ ದೋಷವಲ್ಲ. ಬೆಟ್ಟದ ಸೀಮೆಯಲ್ಲೂ ಬಯಲು ಸೀಮೆಯಲ್ಲೂ ಈ ಮಾತಿನ ದನಿ ಒಂದೇ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಹುಟ್ಟಿದ್ದು ಮನುಷ್ಯ ತನಗೆ ತಾನೇ ಹೇಳಿಕೊಳ್ಳಲೆಂದು. ಅದು ಇಂದು ಹೆಚ್ಚಾಗಿ ಬಳಕೆಯಾಗುತ್ತಿರುವುದು ಪಕ್ಕದ ಮನೆಯವರ ಕಾಲನ್ನು ಅಳೆಯುವುದಕ್ಕೆ. ಅಳೆಯುವವನು ದೊಡ್ಡ ಹಾಸಿಗೆಯವನು, ಅಳತೆಗೆ ಸಿಗುವವನು ಚಿಕ್ಕ ಹಾಸಿಗೆಯವನು.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆ ಈ ಅಳೆಯುವ ಚಟಕ್ಕೆ ಹೊಸ ವಸ್ತುವನ್ನು ಒದಗಿಸಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಮರುವರ್ಷ ರಾಯಬಾಗ ತಾಲೂಕಿನ ಒಬ್ಬ ವೃದ್ಧೆ ಈ ಹಣವನ್ನು ಕೂಡಿಟ್ಟು ಊರ ಜನರಿಗೆ ಹೋಳಿಗೆ ಊಟ ಹಾಕಿಸಿದರು. ಅದೇ ತಾಲೂಕಿನ ಇನ್ನೊಬ್ಬ ಮಹಿಳೆ ತಮ್ಮೂರಿನ ಮಕ್ಕಳಿಗಾಗಿ ಗ್ರಂಥಾಲಯ ತೆರೆದರು. ಪತ್ರಿಕೆಗಳು ಇವರನ್ನು ಕೊಂಡಾಡಿದವು. ಮುಖ್ಯಮಂತ್ರಿಗಳೂ ಮೆಚ್ಚಿ ಮಾತನಾಡಿದರು. ಆ ಮೆಚ್ಚುಗೆಗೆ ಅವರಿಬ್ಬರೂ ಅರ್ಹರೇ. ಆದರೆ ಹೊಗಳಿಕೆಯ ಹಿಂದೆಯೂ ಒಂದು ತಕ್ಕಡಿ ಇರುವುದನ್ನು ಗಮನಿಸಬೇಕು. ಗ್ರಂಥಾಲಯ ಕಟ್ಟಿದವಳು ಆದರ್ಶ ಫಲಾನುಭವಿ ಎಂದಾದರೆ, ಅದೇ ಹಣದಲ್ಲಿ ಕಾಲಿಗೊಂದು ಚಪ್ಪಲಿ, ಮೊಣಕಾಲು ನೋವಿಗೆ ಗುಳಿಗೆ, ಮೊಮ್ಮಗಳಿಗೊಂದು ಫ್ರಾಕು ಕೊಂಡವಳು ಏನು? ಹಣ ಬಂದ ದಿನವೇ ಅದನ್ನು ಸಂಘದ ಕಂತಿಗೆ ಕಟ್ಟಿ ಬರಿಗೈಯಲ್ಲಿ ಮನೆಗೆ ಮರಳಿದವಳು ಏನು? ಅವರ ಲೆಕ್ಕ ಸುದ್ದಿಯಾಗುವುದಿಲ್ಲ. ಕಂತು ತಪ್ಪಿ ವಸೂಲಿಗಾರರು ಬಾಗಿಲಿಗೆ ಬಂದ ದಿನ ಮಾತ್ರ "ಸಾಲ ಯಾಕೆ ಮಾಡಬೇಕಿತ್ತು?" ಎಂಬ ಪ್ರಶ್ನೆ ಏಳುತ್ತದೆ. ಅಂಥ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರಕಾರವೇ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಒಂದು ರಾಜ್ಯದ ಲಕ್ಷಾಂತರ ಮನೆಗಳು ಒಟ್ಟಿಗೇ ಸಾಲಕ್ಕೆ ಬೀಳುವಾಗ ಅದನ್ನು ಹೆಂಗಸರ ದುಂದುಗಾರಿಕೆ ಎನ್ನುವುದು ಕುರುಡುತನ.

ಈ ಕುರುಡುತನ ಕಟ್ಟೆಯ ಮಾತಿನಲ್ಲೇ ನಿಲ್ಲದೆ ಆಡಳಿತದ ಭಾಷೆಯನ್ನೂ ಸೇರಿದ್ದುಂಟು. 2021ರ ಫೆಬ್ರುವರಿಯಲ್ಲಿ ಅಂದಿನ ಆಹಾರ ಸಚಿವ, ಬೆಳಗಾವಿ ಜಿಲ್ಲೆಯವರೇ ಆದ ದಿವಂಗತ ಉಮೇಶ ಕತ್ತಿಯವರು, ಮನೆಯಲ್ಲಿ ಟಿ.ವಿ., ಫ್ರಿಜ್, ದ್ವಿಚಕ್ರ ವಾಹನ ಉಳ್ಳವರು ಬಿ.ಪಿ.ಎಲ್. ಕಾರ್ಡನ್ನು ಮಾರ್ಚ್ 31ರೊಳಗೆ ಹಿಂದಿರುಗಿಸಬೇಕೆಂದರು. ನಾಡಿನೆಲ್ಲೆಡೆ ವಿರೋಧ ಎದ್ದಿತು, ಆ ಮಾತಿನಿಂದ ಹಿಂದೆ ಸರಿಯಬೇಕಾಯಿತು. ವಸ್ತುವನ್ನು ಎಣಿಸುವ ಕಣ್ಣಿಗೆ ಅದರ ಕಥೆ ಕಾಣುವುದಿಲ್ಲ ಎಂಬುದು ಆ ಪ್ರಸಂಗದ ಪಾಠ. ಹತ್ತು ಮೈಲಿ ದೂರದ ಕೂಲಿಗೆ ಹೊತ್ತಿಗೆ ಸರಿಯಾಗಿ ತಲುಪಲು ಕಂತಿನ ಮೇಲೆ ಕೊಂಡ ಹಳೆಯ ಬೈಕು ಸಿರಿವಂತಿಕೆಯ ಗುರುತಲ್ಲ. ಅದು ದುಡಿಮೆಯ ಸಲಕರಣೆ, ಕುಡುಗೋಲಿನ ಹಾಗೆ.

ಇಷ್ಟಕ್ಕೂ ಸರಕಾರದ ಸಹಾಯ ಪಡೆಯದ ಮನೆ ಈ ಸೀಮೆಯಲ್ಲಿ ಯಾವುದಿದೆ? ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ 2008ರಿಂದ ರಾಜ್ಯದಲ್ಲಿ ಉಚಿತ ವಿದ್ಯುತ್ ದೊರೆಯುತ್ತಿದೆ. ಅದರ ಸಹಾಯಧನ ಇಂದು ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದೆ. ಸುಮಾರು 270 ರೂಪಾಯಿಗೆ ಸಿಗುವ 45 ಕಿಲೋ ಯೂರಿಯಾ ಚೀಲದ ನಿಜವಾದ ವೆಚ್ಚ ಅದರ ಹಲವು ಪಟ್ಟು. ಎರಡೆಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಇವು ಸಲ್ಲುತ್ತವೆ, ಹೆಚ್ಚು ಭೂಮಿ ಉಳ್ಳವನಿಗೆ ಹೆಚ್ಚಾಗಿ ಸಲ್ಲುತ್ತವೆ. ಇದನ್ನು ಯಾರೂ 'ಬಿಟ್ಟಿ' ಎನ್ನುವುದಿಲ್ಲ. ರೈತನಿಗೆ ಈ ಆಸರೆ ಬೇಡವೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಬೆಲೆಗಾಗಿ ಬೀದಿಗಿಳಿಯಬೇಕಾದ ಕಬ್ಬು ಬೆಳೆಗಾರನ ಕಷ್ಟ ಎಲ್ಲರಿಗೂ ತಿಳಿದದ್ದೇ. ವ್ಯತ್ಯಾಸವಿಷ್ಟೇ: ಒಬ್ಬರ ಸಹಾಯ ತಂತಿಯಲ್ಲಿ, ಕಾಲುವೆಯಲ್ಲಿ ಸದ್ದಿಲ್ಲದೆ ಮನೆ ಸೇರುತ್ತದೆ; ಇನ್ನೊಬ್ಬರು ಅದಕ್ಕಾಗಿ ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು, ಊರೆಲ್ಲ ನೋಡುವಂತೆ ಸರದಿಯಲ್ಲಿ ನಿಲ್ಲಬೇಕು. ಜೊತೆಗೆ ಮಣ್ಣಿನ ಲೆಕ್ಕವೂ ಒಂದಿದೆ. ಮಿತಿಮೀರಿ ನೀರು ಹಾಯಿಸಿದ ಕಬ್ಬಿನಿಂದ ಕೃಷ್ಣಾ ತೀರದ ಸಾವಿರಾರು ಎಕರೆ ಕಪ್ಪು ಭೂಮಿ ಸವಳು–ಜವಳಾಗಿದೆ. ಹೋಳಿಗೆ ಊಟದಿಂದ, ಚಪ್ಪಲಿಯಿಂದ, ಬೈಕಿನಿಂದ ಒಂದು ಗುಂಟೆಯೂ ಜವಳಾಗಲಿಲ್ಲ.

ಬಟ್ಟೆಯ ಮಾತು ಇನ್ನೂ ಸೂಕ್ಷ್ಮವಾದದ್ದು. ಈ ನಾಡಿನಲ್ಲಿ ಹುಟ್ಟಿದ ಕೂಸಿಗೆ ಮೊದಲು ಸುತ್ತುವುದು ಅಜ್ಜಿಯ ಹಳೆಯ ಸೀರೆಯನ್ನು, ಅಜ್ಜನ ಹಳೆಯ ಧೋತರವನ್ನು. ಹೊಸ ಬಟ್ಟೆ ಬರುವುದು ತೊಟ್ಟಿಲಿಗೆ ಹಾಕಿ ಹೆಸರಿಡುವಾಗ. ಹರಿದ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯಲ್ಲಿ ಉತ್ತರ ಕರ್ನಾಟಕದ ತಲೆಮಾರುಗಳು ಬೆಳೆದಿವೆ. ಒಂದು ಹತ್ತಿ ಅಂಗಿಯ ಹಿಂದೆ ಸುಮಾರು 2,700 ಲೀಟರ್ ನೀರು ವ್ಯಯವಾಗುತ್ತದೆಂಬ ಅಂದಾಜಿದೆ. ಹಾಗಿರುವಾಗ ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸುವ ತಾಯಿ ಯಾವ ಭಾಷಣವೂ ಇಲ್ಲದೆ ಅಷ್ಟು ನೀರನ್ನು ಉಳಿಸುತ್ತಿದ್ದಾಳೆ. ಆದರೂ ಶಾಲೆಯಲ್ಲಿ ಆ ಮಗು ಹಳೆಯ ಅಂಗಿಗಾಗಿ ನಗೆಗೀಡಾಗುತ್ತದೆ; ಹಬ್ಬಕ್ಕೆ ಹೊಸದು ತೊಟ್ಟರೆ "ಇವರಿಗೆಲ್ಲಿಂದ ಬಂತು?" ಎಂಬ ಕುತೂಹಲಕ್ಕೀಡಾಗುತ್ತದೆ. ಎರಡೂ ಕಡೆ ತಪ್ಪು ಮಗುವಿನದೇ ಆಗುವ ನ್ಯಾಯವಿದು.

ಸಹ್ಯಾದ್ರಿಯಲ್ಲಿ ಸುರಿದ ಮಳೆ 2019ರ ಆಗಸ್ಟಿನಲ್ಲಿ ಕೃಷ್ಣೆಯನ್ನು ಉಕ್ಕಿಸಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹಳ್ಳಿಗಳನ್ನು ಮುಳುಗಿಸಿತು. ಕುಟುಂಬವೊಂದಕ್ಕೆ 10,000 ರೂಪಾಯಿಯ ತುರ್ತು ಪರಿಹಾರ, ಮನೆ ಪೂರ್ತಿ ಬಿದ್ದವರಿಗೆ 5 ಲಕ್ಷ ರೂಪಾಯಿಯ ನೆರವು ಘೋಷಣೆಯಾದವು. ಇಂಥ ಪ್ರತಿ ನೆರೆಯಲ್ಲೂ ನಗರಗಳಿಂದ ಹಳೆಯ ಬಟ್ಟೆಯ ಮೂಟೆಗಳು ಬರುತ್ತವೆ. ಅವುಗಳಲ್ಲಿ ಒಳ್ಳೆಯವೂ ಇರುತ್ತವೆ, ಗುಂಡಿ ಕಿತ್ತ, ಒಗೆಯದ, ಯಾರೂ ಉಡಲಾಗದ ಬಟ್ಟೆಗಳೂ ಇರುತ್ತವೆ. ಅಂಥವನ್ನು ಮುಟ್ಟದವರಿಗೆ 'ಸೊಕ್ಕಿನವರು' ಎಂಬ ಹೆಸರು ಬರುತ್ತದೆ. ಮನೆ ಕಳೆದುಕೊಂಡವನು ಆಯ್ಕೆಯ ಹಕ್ಕನ್ನೂ ಕಳೆದುಕೊಂಡನೆಂದು ಯಾರು ತೀರ್ಮಾನಿಸಿದರು? ಕೊಡುವವನ ಕಪಾಟು ಖಾಲಿಯಾಗುವುದೇ ದಾನವಲ್ಲ. 1999ರಲ್ಲಿ ಅಂಶು ಗುಪ್ತಾ ಕಟ್ಟಿದ ಗೂಂಜ್ ಸಂಸ್ಥೆ ಈ ಸತ್ಯವನ್ನು ಅರಿತು ನಡೆಯಿತು. ಅದು ನಗರದ ಹಳೆಯ ಬಟ್ಟೆಗಳನ್ನು ವಿಂಗಡಿಸಿ, ಸರಿಪಡಿಸಿ, ಹಳ್ಳಿಗರು ತಮ್ಮೂರಿಗಾಗಿ ತೋಡಿದ ಬಾವಿಗೆ, ಹಾಕಿದ ರಸ್ತೆಗೆ ಪ್ರತಿಫಲವಾಗಿ ಕೊಡುತ್ತದೆ. ಬಟ್ಟೆ ಅದೇ ಹಳೆಯದು. ಆದರೆ ಪಡೆಯುವವನ ತಲೆ ಬಾಗುವುದಿಲ್ಲ.

ಸಾರ್ವಜನಿಕ ಹಣದ ಬಗ್ಗೆ ಪ್ರಶ್ನೆಯನ್ನೇ ಎತ್ತಬಾರದೆಂದು ಇದರ ಅರ್ಥವಲ್ಲ. ಯೋಜನೆ ಸರಿಯೇ, ಅದಕ್ಕೆ ಹಣವೆಲ್ಲಿಂದ, ಅರ್ಹರು ಹೊರಗುಳಿದರೇ ಎಂಬುದನ್ನು ಕೇಳಲೇಬೇಕು. ಅದಕ್ಕೆ ಗ್ರಾಮಸಭೆಯಿದೆ, ಶಾಸನಸಭೆಯಿದೆ, ಚುನಾವಣೆಯಿದೆ. ಆ ಪ್ರಶ್ನೆಯನ್ನು ಕೇಳಬೇಕಾದುದು ಆಳುವವರನ್ನು. ಚೀಲ ಹಿಡಿದು ನಿಂತ ಹೆಂಗಸನ್ನಲ್ಲ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ಈ ನಾಡಿನ ಮಕ್ಕಳಿಗೂ ಗೊತ್ತು. ಗಂಡ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ಅಗತ್ಯಕ್ಕೆ ಮೀರಿದ್ದೆಂದು ಆಕೆ ಹಿಂದಕ್ಕೆ ಕಳಿಸಿದಳು. ಪರಿಸರದ ಮಾತನಾಡುವವರು ಮಿತಬಳಕೆಗೆ ಈ ಕಥೆಯನ್ನು ಮೇಲಿಂದ ಮೇಲೆ ಉದಾಹರಿಸುತ್ತಾರೆ. ಆದರೆ ಅದರ ಇನ್ನರ್ಧವನ್ನು ಮರೆಯುತ್ತಾರೆ. ಲಕ್ಕಮ್ಮ ಅಳೆದದ್ದು ತನ್ನ ಮನೆಯ ಅಕ್ಕಿಯನ್ನು. ನೆರೆಮನೆಯ ಮಡಕೆಯಲ್ಲಿ ಎಷ್ಟಿದೆಯೆಂದು ಇಣುಕಿದವಳಲ್ಲ.

ಮುಂದಿನ ಜಾತ್ರೆಗೆ ಹೊರಡುವ ಬಸ್ಸಿನಲ್ಲಿ, ಮುಂದಿನ ನೆರೆಗೆ ಕಟ್ಟುವ ಮೂಟೆಯಲ್ಲಿ ಈ ಅರ್ಧ ಕಥೆಯೂ ನೆನಪಿರಲಿ. ಕೊಡುವ ಬಟ್ಟೆ ಒಗೆದದ್ದಾಗಿರಲಿ, ಕೊಡುವ ಮೊದಲು "ಏನು ಬೇಕು?" ಎಂದು ಕೇಳುವಂತಾಗಲಿ. ತೇಪೆ ಹಾಕಿದ ಅಂಗಿಯನ್ನು ಉಳ್ಳವರೂ ಅಂಜದೆ ತೊಡುವಂತಾಗಲಿ. ಆಗ ಅಣ್ಣನ ಅಂಗಿ ತೊಟ್ಟು ಶಾಲೆಗೆ ಬಂದ ಹುಡುಗನನ್ನು ನೋಡಿ ಯಾರೂ ನಗಲಾರರು.