ಪಶುವೈದ್ಯರ ಕ್ಲಿನಿಕ್‌ಗಳಿಗೆ ಹೂಡಿಕೆ ಕಂಪನಿಗಳು: ಮಕ್ಕಳನ್ನು ಈ ಓದಿಗೆ ಸೇರಿಸುವ ಮುನ್ನ

ಪಿಯುಸಿ ವಿಜ್ಞಾನ ಮುಗಿಸಿದ ಮಕ್ಕಳನ್ನು ಪಶುವೈದ್ಯಕೀಯಕ್ಕೆ ಸೇರಿಸುವ ಮಾತು ಈಗ ಜೈನ ಮನೆಗಳಲ್ಲೂ ಕೇಳಿಬರುತ್ತಿದೆ. ಚತುರ್ವಿಧ ದಾನದಲ್ಲಿ ಅಭಯದಾನ, ಔಷಧದಾನ ಎರಡೂ ಒಂದೇ ಕೈಯಿಂದ ಆಗುವ ವೃತ್ತಿ ಇದು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲಿ ಕಾಲೇಜುಗಳಿವೆ. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು.

ಓದಿದ ಮೇಲೆ ಏನು ಎಂಬಲ್ಲಿ ಜೈನ ಮಕ್ಕಳಿಗೆ ಒಂದು ತೊಡಕಿದೆ. ಖಾಸಗಿ ನೌಕರಿಗಳಲ್ಲಿ ಬಹಳಷ್ಟು ಕೋಳಿ ಸಾಕಣೆ ಮತ್ತು ಮಾಂಸೋದ್ಯಮಕ್ಕೆ ಸೇರಿದವು. ಕಸಾಯಿಖಾನೆಯ ತಪಾಸಣೆಯೂ ಪಶುವೈದ್ಯರ ಕೆಲಸವೇ. ಇವೆಲ್ಲ ಬೇಡವೆಂದರೆ ಸರ್ಕಾರಿ ನೌಕರಿ ಬಿಟ್ಟರೆ ನಾಯಿ, ಬೆಕ್ಕುಗಳ ಕ್ಲಿನಿಕ್ ಒಂದು ಮುಖ್ಯ ದಾರಿ. ಹೂಡಿಕೆ ಕಂಪನಿಗಳ ಹಣ ಬರುತ್ತಿರುವುದೂ ಅಲ್ಲಿಗೇ. ಬೆಂಗಳೂರಿನಲ್ಲಿ ಇಂಥ ಹಣದಿಂದ ನಡೆಯುವ ಸರಣಿ ಕ್ಲಿನಿಕ್‌ಗಳು ಈಗಾಗಲೇ ಇವೆ. ಆದರೆ ಇದರ ಪರಿಣಾಮ ಪೂರ್ತಿಯಾಗಿ ಕಾಣುವುದು ಬ್ರಿಟನ್ನಿನಲ್ಲಿ. ಆದ್ದರಿಂದ ಅಲ್ಲಿಯ ಕಥೆ ಮೊದಲು.

ಬ್ರಿಟನ್ನಿನಲ್ಲಿ ಪಶುವೈದ್ಯರಲ್ಲದವರೂ ಕ್ಲಿನಿಕ್‌ನ ಮಾಲೀಕರಾಗಲು 1999ರಲ್ಲಿ ಅವಕಾಶವಾಯಿತು. 2013ರಲ್ಲಿ ದೊಡ್ಡ ಗುಂಪುಗಳ ಕೈಯಲ್ಲಿದ್ದದ್ದು ಸುಮಾರು ಶೇ. 10ರಷ್ಟು ಕ್ಲಿನಿಕ್‌ಗಳು. ಇಂದು ಹತ್ತಿರ ಹತ್ತಿರ ಶೇ. 60. ಆರು ದೊಡ್ಡ ಗುಂಪುಗಳಲ್ಲಿ ಐವಿಸಿ ಎವಿಡೆನ್ಸಿಯಾದ ಹಿಂದೆ ಸ್ವೀಡನ್ನಿನ ಇಕ್ಯೂಟಿ ಎಂಬ ಹೂಡಿಕೆ ಸಂಸ್ಥೆ ಇದೆ, ವೆಟ್‌ಪಾರ್ಟ್ನರ್ಸ್ ಹಿಂದೆ ಬಿಸಿ ಪಾರ್ಟ್ನರ್ಸ್ ಇದೆ. ಲಿನೇಯಸ್ ಎಂಬುದು ಚಾಕೊಲೇಟ್ ಮಾಡುವ ಮಾರ್ಸ್ ಕಂಪನಿಯದು. ಎಲ್ಲರೂ ಪ್ರೈವೇಟ್ ಇಕ್ವಿಟಿಯವರಲ್ಲ, ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳೂ ಇವೆ.

ಇದರ ಲೆಕ್ಕ ವ್ಯಾಪಾರಸ್ಥರಿಗೆ ಬೇಗ ಅರ್ಥವಾಗುತ್ತದೆ. ವರ್ಷಕ್ಕೆ 10 ಲಕ್ಷ ಲಾಭವಿರುವ ಒಂದು ಕ್ಲಿನಿಕ್ ಲಾಭದ ಐದು ಪಟ್ಟಿಗೆ, ಅಂದರೆ 50 ಲಕ್ಷಕ್ಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಅಂಥ ನೂರು ಕೊಂಡರೆ ಖರ್ಚು 50 ಕೋಟಿ, ವರ್ಷದ ಲಾಭ 10 ಕೋಟಿ. ದೊಡ್ಡ ಕಂಪನಿಯಾದ್ದರಿಂದ ಮುಂದಿನ ಗಿರಾಕಿ ಅದಕ್ಕೆ ಹತ್ತು ಪಟ್ಟು ಕೊಡುತ್ತಾನೆ, 100 ಕೋಟಿ! ಒಂದು ನಾಯಿಗೂ ಹೆಚ್ಚಿಗೆ ಚಿಕಿತ್ಸೆ ಕೊಡದೆ ಹಣ ಇಮ್ಮಡಿ. ಬಿಡಿಯಾಗಿ ಕೊಂಡು ಸಗಟಾಗಿ ಮಾರಿ ಲಾಭ ಮಾಡುವ ವ್ಯಾಪಾರ ಇದು! ಕೊಳ್ಳುವ ಹಣದಲ್ಲಿ ಒಂದು ಪಾಲು ಸಾಲದ್ದಾಗಿರುತ್ತದೆ. ಅದರ ಬಡ್ಡಿ ಬರಬೇಕಾದದ್ದು ಕ್ಲಿನಿಕ್‌ನ ಬಿಲ್ಲಿನಿಂದ. ಕೆಲವೇ ವರ್ಷಗಳಲ್ಲಿ ಮಾರಿ ಹೊರಬರುವುದು ಈ ನಿಧಿಗಳ ಪದ್ಧತಿ.

ಅಲ್ಲಿಯ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ ಸೆಪ್ಟೆಂಬರ್ 2023ರಲ್ಲಿ ಪರಿಶೀಲನೆ ಶುರುಮಾಡಿ, 2024ರಲ್ಲಿ ಪೂರ್ಣ ವಿಚಾರಣೆ ಕೈಗೊಂಡಿತು. 2016ರಿಂದ 2023ರೊಳಗೆ ಚಿಕಿತ್ಸೆಯ ದರ ಶೇ. 63 ಏರಿದೆ ಎಂದು ಅಕ್ಟೋಬರ್ 2025ರ ತಾತ್ಕಾಲಿಕ ತೀರ್ಮಾನದಲ್ಲಿ ಹೇಳಿತು. ಕ್ಲಿನಿಕ್‌ಗಳು ದರಪಟ್ಟಿ ಪ್ರಕಟಿಸಬೇಕು, ಯಾವ ಗುಂಪಿಗೆ ಸೇರಿದವು ಎಂದು ಸ್ಪಷ್ಟವಾಗಿ ತೋರಿಸಬೇಕು ಎಂಬ ಸಲಹೆಗಳೂ ಅದರಲ್ಲಿದ್ದವು. ಹಳೆಯ ಡಾಕ್ಟರ ಹೆಸರಿನ ಬೋರ್ಡು ಹಾಗೆಯೇ ಇದ್ದು ಒಳಗಿನ ಮಾಲೀಕ ಬದಲಾಗಿದ್ದದ್ದು ಎಷ್ಟೋ ಜನರಿಗೆ ತಿಳಿದೇ ಇರಲಿಲ್ಲ.

ವೈದ್ಯರಿಗೆ ಏನಾಯಿತು? ಹೊಸಬರಿಗೆ ಅನುಕೂಲಗಳಿವೆ. ನಿಗದಿತ ಸಂಬಳ, ರಜೆ, ಒಳ್ಳೆಯ ಯಂತ್ರಗಳು, ಹಿರಿಯರಿಂದ ತರಬೇತಿ. ಎಷ್ಟೋ ಕಡೆ ರಾತ್ರಿ ಪಾಳಿಯ ಕಾಟವೂ ಇಲ್ಲ. ಬಾಡಿಗೆ, ಜಿಎಸ್‌ಟಿ, ಕೆಲಸದವರ ತಾಪತ್ರಯ ಬೇಡವೆನ್ನುವವರಿಗೆ ಇದು ಸಣ್ಣ ಸಂಗತಿಯಲ್ಲ.

ಹೋದದ್ದು ಮಾಲೀಕರಾಗುವ ದಾರಿ. ಹಿಂದೆ ಅಲ್ಲಿ ಕಿರಿಯ ವೈದ್ಯರು ಕೆಲವು ವರ್ಷ ದುಡಿದು, ಹಿರಿಯರು ನಿವೃತ್ತರಾಗುವಾಗ ಅವರ ಪಾಲನ್ನು ಕೊಳ್ಳುತ್ತಿದ್ದರು. ಕಂಪನಿಗಳು ಕೊಡುವ ಬೆಲೆ ಸಂಬಳದ ಮೇಲೆ ಬದುಕುವವರಿಗೆ ಎಟುಕದು. ಮಾರಿದ ಹಿರಿಯರಿಗೆ ಒಳ್ಳೆಯ ಹಣ ಬಂತು, ಬಾಗಿಲಲ್ಲಿ ಕಾಯುತ್ತಿದ್ದ ಕಿರಿಯರು ನೌಕರರಾಗಿಯೇ ಉಳಿದರು. ಅಂಗಡಿಯಲ್ಲಿ ದುಡಿದು ಅಂಗಡಿ ಇಟ್ಟ ಮನೆತನಗಳಿಗೆ ಈ ನಷ್ಟವನ್ನು ವಿವರಿಸಿ ಹೇಳಬೇಕಿಲ್ಲ.

ಇನ್ನೊಂದು ಕಷ್ಟ ಜೀವದಯೆಯದು. ದುಬಾರಿ ಚಿಕಿತ್ಸೆಗೆ ಹಣವಿಲ್ಲದೆ, ಬದುಕಬಲ್ಲ ಪ್ರಾಣಿಗೇ ಚುಚ್ಚುಮದ್ದು ಕೊಟ್ಟು ಕೊನೆಗಾಣಿಸಿ ಎಂದು ಕೇಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಸ್ವಂತ ಕ್ಲಿನಿಕ್‌ನಲ್ಲಿ ವೈದ್ಯ ಫೀಸು ಬಿಟ್ಟು ಜೀವ ಉಳಿಸಬಹುದು. ಕಂಪನಿಯಲ್ಲಿ ರಿಯಾಯಿತಿಗೆ ಮ್ಯಾನೇಜರನ್ನು ಕೇಳಬೇಕಾಗಬಹುದು. ಜೈನ ಮನೆಯ ಹುಡುಗಿಯೋ ಹುಡುಗನೋ ಈ ಸಂದರ್ಭವನ್ನು ನೌಕರಿಗೆ ಸೇರುವ ಮೊದಲೇ ಯೋಚಿಸಿರುವುದು ಒಳ್ಳೆಯದು.

ಕುಂಟು ಎತ್ತು, ಬರಡು ಹಸುಗಳಿರುವ ಗೋಶಾಲೆ, ಪಿಂಜರಾಪೋಲ್‌ಗಳ ಕಡೆಗೆ ಈ ಹೂಡಿಕೆ ತಿರುಗಿಯೂ ನೋಡುವುದಿಲ್ಲ. ಅಲ್ಲಿ ಬಿಲ್ಲೇ ಇಲ್ಲವಲ್ಲ. ದೆಹಲಿಯ ಲಾಲ್ ಮಂದಿರದಲ್ಲಿ ಜೈನರು ನಡೆಸುವ ಪಕ್ಷಿ ಆಸ್ಪತ್ರೆ ದಾನದಿಂದಲೇ ನಡೆದು ಬಂದಿದೆ. ನಗರದ ಸಂಬಳ ಏರಿದಷ್ಟೂ ಇಂಥ ಕಡೆಗೆ ವೈದ್ಯರು ಸಿಗುವುದು ಕಷ್ಟವಾಗುತ್ತದೆ. ಟ್ರಸ್ಟಿಗಳು ಮೇವಿನ ಬಾಬ್ತಿಗೆ ಕೊಡುವಷ್ಟೇ ಗಮನವನ್ನು ವೈದ್ಯರ ಸಂಬಳಕ್ಕೂ ಕೊಡಬೇಕಾದ ಕಾಲ ಬಂದಿದೆ.

ಕಾನೂನಿನ ವಿಷಯದಲ್ಲಿ ಭಾರತದ ವೈದ್ಯರಿಗೆ ಒಂದು ಆಸರೆ ಇದೆ. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಕೆಲಸ ಬಿಟ್ಟ ಮೇಲೆ ಅದೇ ಊರಿನಲ್ಲಿ ಕ್ಲಿನಿಕ್ ತೆರೆಯಬಾರದು ಎಂಬ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಸ್ವಂತ ಕ್ಲಿನಿಕ್‌ ಅನ್ನು ಗುಡ್‌ವಿಲ್ ಸಮೇತ ಮಾರಿದವರ ಮೇಲೆ ನ್ಯಾಯವಾದ ಮಿತಿಯೊಳಗೆ ಅಂಥ ಷರತ್ತು ಹಾಕಬಹುದು. ಮಾರುವ ಹಿರಿಯ ವೈದ್ಯರು ಇದನ್ನು ವಕೀಲರಿಗೆ ತೋರಿಸಿಯೇ ಸಹಿ ಮಾಡಲಿ. ಇಷ್ಟು ವರ್ಷ ಬಿಡುವುದಿಲ್ಲ ಎಂಬ ಬಾಂಡ್ ಬೇರೆ ವಿಷಯ. ನ್ಯಾಯಾಲಯಗಳು ಅದನ್ನು ಎತ್ತಿಹಿಡಿದದ್ದುಂಟು.

ನೌಕರಿಯಲ್ಲಿರುವವರೆಗೆ ಬೇರೆಲ್ಲೂ ಚಿಕಿತ್ಸೆ ಕೊಡಬಾರದು ಎಂಬ ಷರತ್ತಿಗೆ ಕಾನೂನಿನ ಅಡ್ಡಿ ಇಲ್ಲ. ಭಾನುವಾರ ಗೋಶಾಲೆಯಲ್ಲಿ ಉಚಿತ ಸೇವೆ ಮಾಡುವ ಮನಸ್ಸಿದ್ದರೆ, ಅದಕ್ಕೆ ಒಪ್ಪಿಗೆಯನ್ನು ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಬೇಕು. ಸಂಬಳದ ಮಾತು ಮುಗಿಯುವ ಮುಂಚೆ ಕೇಳಿದರೆ ಕಂಪನಿಗಳು ಒಪ್ಪುವ ಸಂಭವ ಹೆಚ್ಚು.