ಕತ್ತರಿಸಿದರೆ ಕಂದಾಗುವ ಸೇಬು, ಬೇಯಿಸಿದರೆ ಕೆಂಪಾಗುವ ಕ್ವಿನ್ಸ್: ಇದು ಕಲಬೆರಕೆಯೇ?

ಹೆಚ್ಚಿಟ್ಟ ಸೇಬು ಸ್ವಲ್ಪ ಹೊತ್ತಿಗೆ ಕಂದಾದರೆ ‘ಕೆಮಿಕಲ್ ಹಾಕಿದ್ದಾರೆ’ ಎನ್ನುತ್ತೇವೆ. ಕಂದಾಗದೆ ಹಾಗೇ ಉಳಿದರೂ ‘ಕೆಮಿಕಲ್ ಹಾಕಿದ್ದಾರೆ’ ಎನ್ನುತ್ತೇವೆ! ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಣ್ಣಿನ ಬಣ್ಣದ ಬಗ್ಗೆ ಓಡಾಡುವ ಬಹಳಷ್ಟು ಮಾತುಗಳು ಹೀಗೇ ಇರುತ್ತವೆ. ಹಾಗಾದರೆ ಬಣ್ಣ ಬದಲಾಗುವುದಕ್ಕೆ ನಿಜವಾದ ಕಾರಣವೇನು?

ಇದನ್ನು ತಿಳಿಯಲು ಸೇಬು ಮತ್ತು ಕ್ವಿನ್ಸ್ ಪೇಸ್ಟ್ ಹಾಕಿ ಮಾಡುವ ಟಾರ್ಟ್ ಒಳ್ಳೆಯ ಉದಾಹರಣೆ. ಟಾರ್ಟ್ ಎಂದರೆ ಮೈದಾ ಮತ್ತು ಬೆಣ್ಣೆ ಕಲಸಿ ಲಟ್ಟಿಸಿದ ತಳದ ಮೇಲೆ ಹಣ್ಣು ಜೋಡಿಸಿ ಓವನ್‌ನಲ್ಲಿ ಬೇಯಿಸುವ ಯುರೋಪಿನ ಸಿಹಿತಿನಿಸು. ಈ ಒಂದು ತಿನಿಸಿನಲ್ಲಿ ಮೂರು ಬಗೆಯ ಬಣ್ಣ ಬದಲಾವಣೆಗಳು ನಡೆಯುತ್ತವೆ. ಮೂರಕ್ಕೂ ಯಾರೂ ಬಣ್ಣ ಬೆರೆಸಬೇಕಾಗಿಲ್ಲ.

ಕ್ವಿನ್ಸ್ ಯಾವ ಹಣ್ಣು?

ಸೇಬು, ಪೇರ್ ಹಣ್ಣುಗಳಂತೆ ಕ್ವಿನ್ಸ್ ಕೂಡ ಗುಲಾಬಿ ಗಿಡದ ಕುಟುಂಬಕ್ಕೆ ಸೇರಿದ್ದು. ಹಳದಿ ಬಣ್ಣ, ಒಳ್ಳೆಯ ಪರಿಮಳ. ಆದರೆ ಹಸಿಯಾಗಿ ಕಚ್ಚಿದರೆ ಗಟ್ಟಿ ಮತ್ತು ವಿಪರೀತ ಒಗರು. ಕಾಶ್ಮೀರದಲ್ಲಿ ಇದನ್ನು ಬೆಳೆಯುತ್ತಾರೆ, ಅಡುಗೆಯಲ್ಲೂ ಬಳಸುತ್ತಾರೆ. ಯುನಾನಿ ಔಷಧದ ಅಂಗಡಿಗಳಲ್ಲಿ ‘ಬಿಹಿದಾನಾ’ ಎಂದು ಸಿಗುವುದು ಇದರದೇ ಬೀಜ.

ಸ್ಪೇನ್‌ನಲ್ಲಿ ಈ ಹಣ್ಣಿನ ತಿರುಳಿಗೆ ಸಕ್ಕರೆ ಹಾಕಿ ಗಟ್ಟಿಯಾಗುವವರೆಗೆ ಕಾಯಿಸಿ, ತುಂಡು ಮಾಡಿ ಚೀಸ್ ಜೊತೆ ತಿನ್ನುತ್ತಾರೆ. ಇದೇ ಕ್ವಿನ್ಸ್ ಪೇಸ್ಟ್. ಪೋರ್ಚುಗೀಸರು ಇದನ್ನು ‘ಮಾರ್ಮೆಲಾಡ’ ಎನ್ನುತ್ತಾರೆ. ನಮಗೆ ಗೊತ್ತಿರುವ ‘ಮಾರ್ಮಲೇಡ್’ ಎಂಬ ಪದ ಬಂದಿದ್ದು ಇಲ್ಲಿಂದಲೇ. ಗೋವಾ ಮತ್ತು ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಸೀಬೆಹಣ್ಣಿನಿಂದ ಮಾಡುವ ‘ಪೆರಾದ್’ ತಿಂದವರಿಗೆ ಇದರ ಹದ ಸುಲಭವಾಗಿ ಅರ್ಥವಾಗುತ್ತದೆ. ಕ್ವಿನ್ಸ್ ಸಿಗದಿದ್ದರೆ ಟಾರ್ಟ್‌ಗೆ ಪೆರಾದ್ ಕೂಡ ಹೊಂದುತ್ತದೆ.

ಹಳದಿ ಹಣ್ಣು ಕೆಂಪಾಗುವುದು ಹೇಗೆ?

ಕ್ವಿನ್ಸ್‌ನ ಒಗರಿಗೆ ಕಾರಣ ಟ್ಯಾನಿನ್‌ಗಳು. ಇವುಗಳಲ್ಲಿ ಪ್ರೋಆಂಥೋಸಯನಿಡಿನ್ ಎಂಬ ಬಣ್ಣವಿಲ್ಲದ ಪದಾರ್ಥಗಳಿವೆ. ಹುಳಿಯ ಜೊತೆ ಬಹಳ ಹೊತ್ತು ಬೆಂದಾಗ ಇವು ಒಡೆದು ಆಂಥೋಸಯನಿಡಿನ್ ಎಂಬ ಕೆಂಪು ಪದಾರ್ಥವಾಗುತ್ತವೆ. ನೇರಳೆ ಹಣ್ಣಿಗೆ ಬಣ್ಣ ಕೊಡುವುದೂ ಇದೇ ಗುಂಪಿನ ಪದಾರ್ಥಗಳು. ಬೇಗ ಬೇಯಿಸಿ ಇಳಿಸಿದರೆ ಪೇಸ್ಟ್ ಹೊಂಬಣ್ಣದಲ್ಲೇ ಉಳಿಯುತ್ತದೆ, ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಇಟ್ಟರೆ ಕಡುಗೆಂಪಾಗುತ್ತದೆ. ಹಾಗಾಗಿ ಎರಡು ಮನೆಯ ಪೇಸ್ಟ್ ಎರಡು ಬಣ್ಣದಲ್ಲಿದ್ದರೆ ಒಂದರಲ್ಲಿ ಮೋಸವಿದೆ ಎಂದಲ್ಲ.

ಪೇಸ್ಟ್ ಗಟ್ಟಿಯಾಗುವುದಕ್ಕೂ ಪ್ರಾಣಿಮೂಲದ ಜೆಲಟಿನ್ ಬೇಕಿಲ್ಲ. ಕ್ವಿನ್ಸ್‌ನಲ್ಲಿ ಪೆಕ್ಟಿನ್ ಎಂಬ ಸಸ್ಯಮೂಲದ ನಾರು ಹೇರಳವಾಗಿದೆ. ಸಕ್ಕರೆ ಮತ್ತು ಹುಳಿ ಸೇರಿದಾಗ ಅದೇ ಗಟ್ಟಿಯಾಗುತ್ತದೆ.

ಸೇಬು ಕಂದಾಗುವುದು ಕಬ್ಬಿಣದಿಂದಲೇ?

ಸೇಬಿನಲ್ಲಿ ಕಬ್ಬಿಣ ಜಾಸ್ತಿ, ಅದಕ್ಕೇ ತುಕ್ಕು ಹಿಡಿದಂತೆ ಕಂದಾಗುತ್ತದೆ ಎಂಬ ಮಾತು ತಪ್ಪು. ಸೇಬಿನಲ್ಲಿ ಕಬ್ಬಿಣ ಇರುವುದೇ ಅತ್ಯಲ್ಪ. ಕತ್ತರಿಸಿದಾಗ ಹಣ್ಣಿನ ಜೀವಕೋಶಗಳು ಒಡೆಯುತ್ತವೆ. ಆಗ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ, ಹಣ್ಣಿನ ಫಿನಾಲ್‌ಗಳು ಮತ್ತು ಗಾಳಿಯ ಆಮ್ಲಜನಕ ಒಂದೆಡೆ ಸೇರಿ ಕಂದು ಬಣ್ಣ ಹುಟ್ಟುತ್ತದೆ. ಬದನೆಕಾಯಿ, ಬಾಳೆಕಾಯಿ ಹೆಚ್ಚಿದ ಕೂಡಲೇ ನೀರಿಗೋ ಮಜ್ಜಿಗೆ ನೀರಿಗೋ ಹಾಕುತ್ತೇವಲ್ಲ, ಅದು ಇದನ್ನು ತಡೆಯಲಿಕ್ಕೇ.

ಟಾರ್ಟ್ ಮಾಡುವವರು ಸೇಬಿಗೆ ನಿಂಬೆರಸ ಸವರುವುದೂ ಇದಕ್ಕೇ. ಹುಳಿಯಲ್ಲಿ ಕಿಣ್ವದ ಕೆಲಸ ನಿಧಾನವಾಗುತ್ತದೆ, ನಿಂಬೆಯ ವಿಟಮಿನ್ ಸಿ ಬಣ್ಣ ಹುಟ್ಟುವುದನ್ನು ತಡೆಯುತ್ತದೆ. ಕಂದಾಗುವ ವೇಗ ತಳಿಯಿಂದ ತಳಿಗೂ ಬೇರೆ. ಆದ್ದರಿಂದ ಕಂದಾಗದ ಸೇಬೆಲ್ಲ ನಕಲಿಯಲ್ಲ.

ಮೂರನೆಯದು ಟಾರ್ಟ್‌ನ ಅಂಚಿನ ಹೊಂಬಣ್ಣ. ಹಿಟ್ಟಿನ ಪ್ರೋಟೀನ್ ಮತ್ತು ಸಕ್ಕರೆ ಅಂಶಗಳು ಬಿಸಿಗೆ ಸೇರಿ ಆಗುವ ಇದಕ್ಕೆ ಮೇಲಾರ್ಡ್ ಕ್ರಿಯೆ ಎಂದು ಹೆಸರು. ದೋಸೆ ಗರಿಗರಿಯಾಗಿ ಕೆಂಪಗಾಗುವುದೂ ಇದರಿಂದಲೇ. ಆದರೆ ಪಿಷ್ಟವಿರುವ ತಿನಿಸನ್ನು ಕಪ್ಪಾಗುವವರೆಗೆ ಬೇಯಿಸಿದರೆ ಅಕ್ರಿಲಮೈಡ್ ಎಂಬ ಬೇಡದ ಪದಾರ್ಥ ಹೆಚ್ಚುತ್ತದೆ. ಹೊಂಬಣ್ಣ ಬಂದಾಗ ಓವನ್ ಆರಿಸಿದರೆ ಸಾಕು.

‘ಹಣ್ಣಿನ ಸಿಹಿ, ಶುಗರ್ ಇದ್ದವರೂ ತಿನ್ನಬಹುದು’ – ನಿಜವೇ?

ನಾವು ಎಚ್ಚರ ವಹಿಸಬೇಕಾದ್ದು ಇಲ್ಲಿ. ಕ್ವಿನ್ಸ್ ಪೇಸ್ಟ್‌ಗೆ ಸಾಮಾನ್ಯವಾಗಿ ತಿರುಳಿನಷ್ಟೇ ತೂಕದ ಸಕ್ಕರೆ ಹಾಕುತ್ತಾರೆ. 1 ಕಿಲೋ ತಿರುಳಿಗೆ 1 ಕಿಲೋ ಸಕ್ಕರೆ ಎಂದುಕೊಳ್ಳಿ. ಕಾಯಿಸಿದಾಗ ನೀರು ಆವಿಯಾಗುತ್ತದೆ, ಸಕ್ಕರೆ ಆಗುವುದಿಲ್ಲ. ಅಂದರೆ ಕೊನೆಗೆ ಉಳಿಯುವ ಪೇಸ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ!

ಒಂದು ಟಾರ್ಟ್‌ಗೆ 250 ಗ್ರಾಂ ಪೇಸ್ಟ್ ಹಾಕಿ 8 ತುಂಡು ಮಾಡಿದರೆ, ಪ್ರತಿ ತುಂಡಿನಲ್ಲಿ ಪೇಸ್ಟ್‌ನಿಂದಲೇ ಕನಿಷ್ಠ 15 ಗ್ರಾಂ ಸಕ್ಕರೆ, ಅಂದರೆ ಸುಮಾರು ನಾಲ್ಕು ಟೀ ಚಮಚ. ಸೇರಿಸಿದ ಸಕ್ಕರೆ ಮತ್ತು ಅಂಥ ಸಿಹಿಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ 10%ಗಿಂತ ಕಡಿಮೆ ಇರಬೇಕು, 5%ಗಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 2,000 ಕ್ಯಾಲೊರಿ ಲೆಕ್ಕದಲ್ಲಿ 5% ಎಂದರೆ ಸುಮಾರು 25 ಗ್ರಾಂ. ಒಂದೇ ತುಂಡು ಅದರ ಅರ್ಧಕ್ಕಿಂತ ಹೆಚ್ಚನ್ನು ಮುಗಿಸುತ್ತದೆ. ಮೈದಾದ ಪಿಷ್ಟವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಮನೆಯಲ್ಲಿ ಮಾಡುವುದಾದರೆ 80 ಗ್ರಾಂ ಪೇಸ್ಟ್ ತೆಳ್ಳಗೆ ಸವರಿ, ಮೇಲೆ ಸೇಬು ಧಾರಾಳವಾಗಿ ಜೋಡಿಸಬಹುದು. ಆಗ ತುಂಡಿಗೆ ಪೇಸ್ಟ್‌ನಿಂದ ಬರುವ ಸಕ್ಕರೆ 5 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇರುವವರು ತಮ್ಮ ಪಾಲು ಎಷ್ಟು ಎಂದು ವೈದ್ಯರನ್ನೇ ಕೇಳಬೇಕು.

ಅಂಗಡಿಯಲ್ಲಿ ಏನು ನೋಡಬೇಕು?

ಬಣ್ಣ ಬೆರೆಸಿದ ತಿನಿಸುಗಳು ಇಲ್ಲವೆಂದಲ್ಲ. ಆದರೆ ಅದನ್ನು ಕಣ್ಣಳತೆಯಲ್ಲಿ ಹೇಳಲಾಗದು, ಲೇಬಲ್ ಓದಬೇಕು. ಐಎನ್ಎಸ್ 122 ಅಥವಾ 124 ಎಂದಿದ್ದರೆ ಕೃತಕ ಕೆಂಪು ಬಣ್ಣ ಸೇರಿದೆ ಎಂದರ್ಥ. ಐಎನ್ಎಸ್ 440 ಎಂದರೆ ಪೆಕ್ಟಿನ್, ಹೆದರಬೇಕಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕವಿರುವುದು ಮೊದಲು ಬರುತ್ತದೆ. ಹಣ್ಣಿಗಿಂತ ಮುಂಚೆ ಸಕ್ಕರೆ ಇದೆಯೇ ನೋಡಿ.

ಮುಂದಿನ ಸಲ ‘ಬಣ್ಣ ಬದಲಾಯಿತು, ವಿಷ’ ಎಂಬ ವಿಡಿಯೋ ಬಂದರೆ ಫಾರ್ವರ್ಡ್ ಮಾಡುವ ಮೊದಲು ಒಂದು ಬಾಳೆಕಾಯಿ ಹೆಚ್ಚಿಟ್ಟು ಹತ್ತು ನಿಮಿಷ ಕಾದು ನೋಡಿ. ‘ಹಣ್ಣಿನದು, ಎಷ್ಟು ತಿಂದರೂ ಪರವಾಗಿಲ್ಲ’ ಎಂಬ ಸಂದೇಶ ಬಂದರೆ ಮಾತ್ರ ಸಕ್ಕರೆಯ ಲೆಕ್ಕ ಕೇಳಿ.