ಮೂರು ಗೆರೆಗಳ ಹಿಂದೆ
ಮೊಬೈಲ್ ಆ್ಯಪ್‌ಗಳ ಮೂಲೆಯಲ್ಲಿ ಕಾಣುವ ಮೂರು ಅಡ್ಡಗೆರೆಗಳು ಸ್ಮಾರ್ಟ್‌ಫೋನ್ ಕಾಲದ ಕೂಸಲ್ಲ. 1981ರಲ್ಲಿ ಬಂದ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ವಿನ್ಯಾಸಕ ನಾರ್ಮ್ ಕಾಕ್ಸ್ ಬಿಡಿಸಿದ ಗುರುತು ಅದು. ಒತ್ತಿದರೆ ತೆರೆದುಕೊಳ್ಳುವ ಪಟ್ಟಿಯದೇ ಪುಟ್ಟ ರೂಪ. ಕೆಲವೇ ಪಿಕ್ಸೆಲ್‌ಗಳಲ್ಲಿ ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ದಶಕಗಳ ಬಳಿಕ ಮೊಬೈಲಿನ ಕಿರುಪರದೆ ಅದಕ್ಕೆ ಮರುಜನ್ಮ ಕೊಟ್ಟಿತು, ಹ್ಯಾಂಬರ್ಗರ್ ಎಂಬ ಅಡ್ಡಹೆಸರೂ ಅಂಟಿತು. ತೊಂದರೆ ಶುರುವಾದದ್ದು ಆಮೇಲೆ. ಎಲ್ಲಿಡಬೇಕೆಂದು ತೋಚದ್ದನ್ನೆಲ್ಲ ವಿನ್ಯಾಸಕರು ಅದರೊಳಗೆ ತುರುಕತೊಡಗಿದರು. ಕಣ್ಣಿಗೆ ಬೀಳದ ಆಯ್ಕೆಯನ್ನು ಜನ ಹುಡುಕಿಕೊಂಡು ಹೋಗುವುದು ಕಡಿಮೆ. ಬಳಕೆದಾರರ ಅನುಭವ ಕುರಿತ ಸಂಶೋಧನಾ ಸಂಸ್ಥೆ ನೀಲ್ಸನ್ ನಾರ್ಮನ್ ಗ್ರೂಪ್ 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಈ ಮೂರು ಗೆರೆಗಳ ಜೊತೆಗೆ ಆಂಡ್ರಾಯ್ಡ್‌ನ ಮೂರು ಚುಕ್ಕಿ, ಸೆಟ್ಟಿಂಗ್ಸ್‌ನ ಹಲ್ಲುಚಕ್ರ, ಒಂಬತ್ತು ಚುಕ್ಕಿಗಳ ಚೌಕ. ಯಾವುದರೊಳಗೆ ಏನಿದೆ ಎಂದು ಊಹಿಸುವ ಕೆಲಸ ಮಾತ್ರ ಬಳಸುವವರ ತಲೆಗೆ. ಗುರುತು ಚೆಂದವಾಗಿದ್ದರೆ ಸಾಲದು, ಒತ್ತುವ ಮೊದಲೇ ಅದರ ಅರ್ಥ ಹೊಳೆಯಬೇಕು. ಆದ್ದರಿಂದ ವಿನ್ಯಾಸಕರೇ, ಮುಖ್ಯ ಆಯ್ಕೆಗಳು ನಾಲ್ಕೈದೇ ಇದ್ದರೆ ಪರದೆಯ ತಳದಲ್ಲಿ ಹೆಸರು ಸಮೇತ ಸಾಲಾಗಿ ಜೋಡಿಸಿ. ಮುಚ್ಚಿಡಲೇಬೇಕಾದರೆ ಗೆರೆಗಳ ಪಕ್ಕದಲ್ಲಿ ‘ಮೆನು’ ಎಂದು ಬರೆಯಿರಿ. ಎರಡಕ್ಷರಕ್ಕೆ ಜಾಗವಿಲ್ಲದಷ್ಟು ಚಿಕ್ಕ ಪರದೆ ಇಂದು ಯಾರ ಫೋನಿನಲ್ಲೂ ಇಲ್ಲ.